ಆರನೆಯ ಗಂಟು

ಗಾಜಿನ ಕೊಳವೆಯೊಳಗೆ, ನೀರಿಗಿಂತ ನಾಲ್ಕು ಬೆರಳು ಮೇಲೆ, ಯಾರದೋ ವಾಚು ನೇತಾಡುತ್ತಿತ್ತು. ಮುಚ್ಚಳ ಬಿಗಿಮಾಡಿ ಗಾಳಿ ತುಂಬಿ, ಒತ್ತಡದ ಮುಳ್ಳು ಐದನ್ನು ಮುಟ್ಟಿದ ಮೇಲೆ ಸ್ವಲ್ಪ ಹೊತ್ತು ಕಾಯಬೇಕು. ಆಮೇಲೆ ವಾಚನ್ನು ನೀರಿಗಿಳಿಸಿ, ಗಾಳಿಯನ್ನು ಇಷ್ಟಿಷ್ಟೇ ಬಿಡುತ್ತ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಬೇಕು. ವಾಚಿಗೆ ಬಿಗಿ ಸಾಲದಿದ್ದರೆ ಒಳಗೆ ನುಗ್ಗಿ ಕೂತ ಗಾಳಿ ಈಗ ಹೊರಗೆ ದಾರಿ ಹುಡುಕುತ್ತದೆ, ಗುಂಡಿಯ ಪಕ್ಕದಿಂದ ಸಾಸಿವೆಯಷ್ಟು ಒಂದು ಗುಳ್ಳೆ ಹೊರಡುತ್ತದೆ. ಒಂದೇ ಗುಳ್ಳೆ ಸಾಕು. ಎರಡು ವರ್ಷದಿಂದ ಅವಳು ಈ ವಾಚು ರಿಪೇರಿ ಕೇಂದ್ರದ ಹಿಂದಿನ ಕೋಣೆಯಲ್ಲಿ ಕೂತು ಆ ಒಂದು ಗುಳ್ಳೆಗಾಗಿ ಕಾಯುತ್ತಿದ್ದಾಳೆ. ಇದರಲ್ಲಿ ಮಾತಿಲ್ಲ ಎಂಬ ಕಾರಣಕ್ಕೇ ಈ ಕೆಲಸ ಅವಳಿಗೆ ಒಗ್ಗಿತ್ತು. ಗುಳ್ಳೆ ಬಂದರೆ ಚೀಟಿಯಲ್ಲಿ ತಪ್ಪು ಗುರುತು, ಬಾರದಿದ್ದರೆ ಸರಿ ಗುರುತು. ನಿನಗೇನನ್ನಿಸಿತು ಎಂದು ಯಾರೂ ಕೇಳುವುದಿಲ್ಲ. ಆದರೆ ಇವತ್ತು ತಿರುಪಿನ ಮೇಲೆ ಕೈಯಿಟ್ಟುಕೊಂಡೇ ಅವಳು ಬೇರೇನನ್ನೋ ನೋಡುತ್ತಿದ್ದಳು, ಮುಳ್ಳು ಸೊನ್ನೆಗೆ ಬಂದದ್ದೂ ತಿಳಿಯಲಿಲ್ಲ. ಗುಳ್ಳೆ ಬಂತೋ ಇಲ್ಲವೋ. ಚೀಟಿಯ ಮೇಲೆ ಪೆನ್ನು ಹಿಡಿದು ಕೂತಳು, ಬರೆಯಲಾಗದೆ ಅದೇ ವಾಚನ್ನು ಮೂರನೆಯ ಸಲ ಮೇಲಕ್ಕೆತ್ತಿದಳು.

ಬೆಳಿಗ್ಗೆ ಊಟದ ಡಬ್ಬಿಯ ಮುಚ್ಚಳ ಒತ್ತುತ್ತ ಅಮ್ಮ ಹೇಳಿದ್ದು ಎರಡೇ ಮಾತು. "ನಿನ್ನ ಚಿಕ್ಕಮ್ಮನ ಹಳೇ ಕಂಪ್ಯೂಟರು ನಿನ್ನೆ ಕೈಕೊಟ್ಟಿತಂತೆ. ಇವತ್ತು ನೀನು ಕೊಟ್ಟ ವಾಚನ್ನೇ ಕಟ್ಕೊಂಡು ಸಮುದ್ರಕ್ಕೆ ಇಳೀತಾಳಂತೆ, ನೋಡು, ಕೊಟ್ಟಿದ್ದು ಎಷ್ಟು ಒಳ್ಳೇದಾಯ್ತು." ಅವಳು ಹ್ಞೂಂ ಅಂದಳು. ಚಪ್ಪಲಿ ಮೆಟ್ಟಿಕೊಂಡಳು. ಮನೆಯ ಮೆಟ್ಟಿಲಿಳಿಯುವಾಗ ನಡುವೆ ಒಮ್ಮೆ ನಿಂತಳು, ಕೆಳಗಿನ ಮನೆಯವರು ಬಾಗಿಲು ತೆಗೆದದ್ದರಿಂದ ಮತ್ತೆ ಇಳಿದಳು. ಬಸ್ಸು ಹತ್ತಿದಳು, ಹಾಜರಿ ಹಾಕಿದಳು, ಬಿಳಿ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕಿಕೊಂಡಳು. ಇಷ್ಟೆಲ್ಲ ಮಾಡಿದ್ದು ಯಾರು ಎಂದು ಈಗ ಅವಳಿಗೇ ಸೋಜಿಗವಾಗುತ್ತಿತ್ತು. ಒಳಗೆ ಒಬ್ಬಳು 'ಹೇಳು, ಹೇಳು' ಎಂದು ಒಂದೇ ಸಮನೆ ತಿವಿಯುತ್ತಿರುವಾಗ ಹೊರಗಿನ ಇನ್ನೊಬ್ಬಳು ಅಷ್ಟು ನೀಟಾಗಿ ಗುಂಡಿ ಹಾಕಿಕೊಳ್ಳುವುದಾದರೂ ಹೇಗೆ?

ಚಿಕ್ಕಮ್ಮ ಬಂದರಿನಲ್ಲಿ ಮುಳುಗುವವಳು. ಹಡಗುಗಳನ್ನು ಕಟ್ಟುವ ಸರಪಳಿಗಳು ಸಮುದ್ರದ ತಳದಲ್ಲಿ ಎಲ್ಲಿ ಸವೆದಿವೆ ಎಂದು ಕೈಯಿಂದ ಮುಟ್ಟಿ ನೋಡಿ ಬಂದು ಹೇಳುವುದು ಅವಳ ಕೆಲಸ. ಅವಳ ಮಣಿಕಟ್ಟಿನ ಮೇಲೆ ಯಾವಾಗಲೂ ಇರುತ್ತಿದ್ದ ಬಿಸ್ಕೆಟಿನಷ್ಟು ದಪ್ಪದ ಕರಿಯ ಯಂತ್ರವನ್ನು ಮನೆಯವರೆಲ್ಲ ಕಂಪ್ಯೂಟರು ಅನ್ನುತ್ತಿದ್ದರು. ಎಷ್ಟು ಆಳಕ್ಕೆ ಹೋಗಿದ್ದೀಯ, ಆ ಆಳದಲ್ಲಿ ಇನ್ನೆಷ್ಟು ನಿಮಿಷ ಇರಬಹುದು ಎಂದು ಅದು ಲೆಕ್ಕ ಹಾಕಿ ಹೇಳುತ್ತದೆ. ಅದು ಯಾಕೆ ಬೇಕು ಎಂದು ಎಂಟು ವರ್ಷದವಳಿದ್ದಾಗ ಇವಳು ಕೇಳಿದ್ದಳು. ಆಗ ಚಿಕ್ಕಮ್ಮ ಒಂದು ಸೋಡಾ ಬಾಟಲಿ ತಂದು ಎದುರಿಗಿಟ್ಟು, ಇದರೊಳಗೆ ಗಾಳಿ ಕಾಣುತ್ತಾ ಅಂದಳು. ಇಲ್ಲ ಅಂದಳು ಇವಳು. ಚಿಕ್ಕಮ್ಮ ಮುಚ್ಚಳ ಹಾರಿಸಿದಳು. ನೊರೆ ಮೇಜಿನ ತುಂಬ ಹರಿದು ಅಮ್ಮ ಬೈದಳು. "ನೀರಿನ ಕೆಳಗೆ ತುಂಬಾ ಹೊತ್ತಿದ್ದು ದಡಕ್ಕನೆ ಎದ್ದು ಬಂದ್ರೆ ನನ್ನ ರಕ್ತಾನೂ ಹೀಗೇ ಆಗುತ್ತೆ" ಎಂದು ಚಿಕ್ಕಮ್ಮ ಮೇಜೊರೆಸುತ್ತ ಹೇಳಿದ್ದಳು. ಅವತ್ತಿನಿಂದ ಎಷ್ಟೋ ವರ್ಷ ಅವಳು ಚಿಕ್ಕಮ್ಮನ ತೋಳನ್ನು ಹಿಡಿದಾಗೆಲ್ಲ ನಿಧಾನವಾಗಿ ಹಿಡಿಯುತ್ತಿದ್ದಳು, ಅಲ್ಲಾಡಿಸಿದರೆ ನೊರೆ ಬಂದೀತು ಎಂಬಂತೆ.

ಹೋದ ಭಾನುವಾರದ ಊಟಕ್ಕೆ ಎಲ್ಲರೂ ಸೇರಿದ್ದರು. ಕೇಂದ್ರದವರು ವರ್ಷದ ಕೊನೆಗೆ ಒಬ್ಬೊಬ್ಬರಿಗೆ ಒಂದೊಂದು ಸ್ಮಾರ್ಟ್‌ವಾಚು ಕೊಟ್ಟಿದ್ದರು, ತನಗೆ ಸಿಕ್ಕಿದ್ದನ್ನು ಅವಳು ಚಿಕ್ಕಮ್ಮನಿಗೆ ತಂದಿದ್ದಳು. ಆ ವಾಚಿನಲ್ಲಿ ದೊಡ್ಡದು ಚಿಕ್ಕದು ಎಂದು ಎರಡು ಬಗೆ, ಮೇಲ್ನೋಟಕ್ಕೆ ಅಕ್ಕತಂಗಿಯರ ಹಾಗೆ. ದೊಡ್ಡದು ನಲವತ್ತು ಮೀಟರಿನವರೆಗೆ ಆಳ ಅಳೆಯುತ್ತದೆ, ಉಳಿದ ನಿಮಿಷಗಳ ಲೆಕ್ಕವನ್ನೂ ಇಡುತ್ತದೆ, ಮುಳುಗುವವರ ಕೈಗೆ ಕಟ್ಟಬಹುದು. ಚಿಕ್ಕದು ಆರು ಮೀಟರಿನವರೆಗೆ ಮಾತ್ರ. ಆರು ದಾಟಿದರೆ ಅಂಕಿ ಅಳಿಸಿ ಮೂರು ಗೀಟು ತೋರಿಸುತ್ತದೆ. ನಿಮಿಷದ ಲೆಕ್ಕವಂತೂ ಅದಕ್ಕೆ ಗೊತ್ತೇ ಇಲ್ಲ. ಬೆನ್ನಿನ ಮೇಲೆ ಐವತ್ತು ಮೀಟರ್ ಎಂದು ಕೆತ್ತಿರುವುದು ಸುಮ್ಮನೆ ನಿಂತಾಗ ಅದು ತಡೆದುಕೊಳ್ಳುವ ಒತ್ತಡ, ಅದನ್ನು ಕಟ್ಟಿಕೊಂಡವರು ಅಷ್ಟು ಆಳಕ್ಕೆ ಇಳಿಯಬಹುದು ಎಂದು ಅದರ ಅರ್ಥವಲ್ಲ. ಈ ಮಾತನ್ನು ಅವಳು, ಕೌಂಟರಿನವರು ಹೊರಗೆ ಕರೆದಾಗಲೆಲ್ಲ, ಗಿರಾಕಿಗಳಿಗೆ ಕಿವಿ ಕೆಂಪಗೆ ಮಾಡಿಕೊಂಡು ವಿವರಿಸಿದ್ದಾಳೆ. ಅವಳಿಗೆ ಸಿಕ್ಕಿದ್ದು ಚಿಕ್ಕದು. ಚಿಕ್ಕಮ್ಮ ಕಟ್ಟಿಕೊಂಡು, ಕೈಯನ್ನು ಅತ್ತಿತ್ತ ತಿರುಗಿಸಿ, ಇದು ಎಷ್ಟು ಆಳದವರೆಗೆ ಅಂದಳು. ಹದಿನಾಲ್ಕು ಜನ ಇವಳ ಬಾಯನ್ನೇ ನೋಡಿದರು. ಗಂಟಲು ಕಟ್ಟಿತು. "ಇವಳ ಬಾಯಿಂದ ಮಾತು ಹೊರಡೋ ಹೊತ್ತಿಗೆ ಚಿಕ್ಕಮ್ಮ ಮುಳುಗಿ ಎದ್ದು ತಲೆ ಒರೆಸ್ಕೊಂಡಿರ್ತಾಳೆ" ಅಂದ ಅಣ್ಣ. ನಗು ಎದ್ದಿತು, ಅಮ್ಮನೂ ನಕ್ಕಳು, ಚಿಕ್ಕಮ್ಮ ಒಬ್ಬಳು ನಗದೆ ಕಾಯುತ್ತಿದ್ದಳು. ಅಷ್ಟು ದೊಡ್ಡ ನಗುವಿನ ಎದುರಿಗೆ ಆರು ಎಂದು ಹೇಳುವುದು ಹೇಗೆ? ಅದು ಎಷ್ಟು ಸಣ್ಣ ಸಂಖ್ಯೆ, ಹೇಳಿದರೆ ಕೇಳಿಸಲಿಕ್ಕಿಲ್ಲ. "ನಲವತ್ತು" ಅಂದಳು. ಓಹೋ ಎಂದು ಒಂದಿಬ್ಬರು ಹುಬ್ಬೇರಿಸಿದರು, ನಗು ನಿಂತಿತು, ಊಟ ಮುಂದುವರಿಯಿತು. ಚಿಕ್ಕಮ್ಮನಿಗೆ ಅವಳ ಹಳೆಯ ಯಂತ್ರ ಇದ್ದೇ ಇದೆಯಲ್ಲ, ಇದನ್ನು ಗಂಟೆ ನೋಡಲಿಕ್ಕೆ ಕಟ್ಟಿಕೊಂಡಾಳು, ಆಮೇಲೊಂದು ದಿನ ಒಬ್ಬಳೇ ಸಿಕ್ಕಾಗ ಹೇಳಿದರಾಯಿತು. ಮನೆಗೆ ಬಂದು ಡೈರಿಯಲ್ಲಿ ಎಂದಿನಂತೆ ಮೊದಲು ಗಂಟೆ, ಆಮೇಲೆ ವಿಷಯ ಬರೆದಳು: ವಾಚು ಕೊಟ್ಟೆ, ಚಿಕ್ಕಮ್ಮನಿಗೆ ಇಷ್ಟವಾಯಿತು. ಯಾರೂ ಓದದ ಡೈರಿಯಲ್ಲೂ ಆ ಸಂಖ್ಯೆಯನ್ನು ಬರೆಯದೆ ಬಿಟ್ಟಿದ್ದಳು.

ಈಗ ಚಿಕ್ಕಮ್ಮನಿಗೆ ಮೂರು ಸಲ ಫೋನು ಮಾಡಿದಳು, ಎತ್ತಲಿಲ್ಲ. ಕೆಲಸದ ಹೊತ್ತಿನಲ್ಲಿ ಆ ಫೋನು ಡಬ್ಬಿಯೊಳಗಿರುತ್ತದೆಂದು ಅವಳಿಗೆ ಗೊತ್ತು. ಹತ್ತು ಗಂಟೆಗೆ ಎದ್ದು ಮೇಲ್ವಿಚಾರಕರ ಮೇಜಿನ ಮುಂದೆ ನಿಂತಳು. ಎಲ್ಲವನ್ನೂ ಕೂದಲೆಳೆಗಿಂತ ಸಣ್ಣ ಅಳತೆಯಲ್ಲೇ ಮಾತಾಡುವ ಅವರಿಗೆ ಕೋಣೆಯವರೆಲ್ಲ ಮೈಕ್ರಾನ್ ಎಂದು ಹೆಸರಿಟ್ಟಿದ್ದರು. ಏನಾಗಬೇಕು ಅಂದರು ಮೈಕ್ರಾನ್, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆ. ರಜೆ ಬೇಕು. ಯಾಕೆ? ಹೊಟ್ಟೆ ನೋವು ಅಂದಳು. ಅವರು ಭೂತಗನ್ನಡಿಯ ಕಣ್ಣನ್ನೇ ಅವಳ ಕಡೆ ತಿರುಗಿಸಿದರು. ತಾನು ಅವರಿಗೆ ಹತ್ತು ಪಟ್ಟು ದೊಡ್ಡದಾಗಿ, ರಂಧ್ರರಂಧ್ರವಾಗಿ ಕಾಣುತ್ತಿರಬೇಕು. ಹೋಗಿ ಬಾ ಅಂದರು. ನಿಜ ಹೇಳಲಿಕ್ಕೆ ಹೊರಟ ದಾರಿಯಲ್ಲಿ ಮೊದಲ ಹೆಜ್ಜೆಗೇ ಇನ್ನೊಂದು ಸುಳ್ಳು ಬಂದದ್ದನ್ನು, ಅದೂ ತಡವರಿಸದೆ ಎಷ್ಟು ಸಲೀಸಾಗಿ ಬಂತೆಂಬುದನ್ನು, ಬೀದಿಯಲ್ಲಿ ಬಿರಬಿರನೆ ನಡೆಯುವಾಗಲೂ ಅವಳು ಕುತೂಹಲದಿಂದ ತಿರುಗಿಸಿ ನೋಡುತ್ತಿದ್ದಳು. ನಿಜ ಹೇಳುವಾಗ ಕಟ್ಟುವ ಗಂಟಲು ಸುಳ್ಳು ಹೇಳುವಾಗ ಯಾಕೆ ಕಟ್ಟುವುದಿಲ್ಲ? ಒಳಗೆ ಎಲ್ಲೋ ಒಂದು ರಬ್ಬರು ಉಂಗುರ ತಿರುವುಮುರುವಾಗಿ ಕೂತಿರಬೇಕು.

ಬಸ್ಸು ದಿಬ್ಬದ ಮೇಲೆ ಅಂಚೆ ಕಚೇರಿಯ ಎದುರು ಕೆಂಪು ದೀಪಕ್ಕೆ ನಿಂತಾಗ ಕೆಳಗಿನಿಂದ, ಸಮುದ್ರ ಇನ್ನೂ ಕಾಣದಿದ್ದರೂ, ಜನರನ್ನು ದಾಟಿಸುವ ದೊಡ್ಡ ದೋಣಿಯ ಸೀಟಿ ಕೇಳಿಸಿತು. ಉದ್ದನೆಯ ಒಂದು ಕೂಗು. ಕಚೇರಿಯ ಗಡಿಯಾರದಲ್ಲಿ ಹತ್ತು ಮೂವತ್ತೇಳು. ಗಡಿಯಾರ ಕಂಡಲ್ಲೆಲ್ಲ ಗಂಟೆಯನ್ನು ಮನಸ್ಸಿನಲ್ಲಿ ಬರೆದಿಡುವುದು ಅವಳ ರೋಗ, ಅಣ್ಣ ಅದಕ್ಕೂ ನಗುತ್ತಾನೆ. ಪಕ್ಕದ ಸೀಟಿನ ಹೆಂಗಸು ನಿದ್ದೆಯಲ್ಲಿ ಅವಳ ಭುಜಕ್ಕೆ ಒರಗಿದ್ದಳು. ಎಬ್ಬಿಸಲು ನಾಚಿಕೆಯಾಗಿ ಇಳಿಯಬೇಕಾದ ಕಡೆ ಇಳಿಯದೆ ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ಓಡಿದಳು. ಬಂದರಿನ ಗೇಟಿನಲ್ಲಿ ಕಾವಲುಗಾರ ಪುಸ್ತಕವನ್ನು ಮುಂದೆ ತಳ್ಳಿದ. ಹೆಸರು, ಬಂದ ಹೊತ್ತು, ಯಾರನ್ನು ನೋಡಬೇಕು, ಕಾರಣ. ಕಾರಣದ ಮನೆಯಲ್ಲಿ ಪೆನ್ನು ನಿಂತಿತು. ಏನಮ್ಮ, ಕಾರಣ ಮರೆತುಹೋಯ್ತಾ ಎಂದು ಅವನು ನಗಾಡಿದ. 'ಒಂದು ಮಾತು ಹೇಳಲಿಕ್ಕೆ' ಎಂದು ಬರೆದಳು. ಅವನು ಅದನ್ನು ಓದಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಹಾಗೆಲ್ಲ ಬರೆಯೋ ಹಾಗಿಲ್ಲ, 'ಕೆಲಸ' ಅಂತ ಬರಿ ಅಂದ. ಹೊಡೆದುಹಾಕಿ ಹಾಗೇ ಬರೆದಳು.

ಕಟ್ಟೆ ಸಮುದ್ರದೊಳಕ್ಕೆ ಉದ್ದಕ್ಕೆ ಚಾಚಿಕೊಂಡಿತ್ತು. ಅದರ ತುದಿಯಲ್ಲಿ ಮಡಚುವ ಕುರ್ಚಿಯ ಮೇಲೆ ಚಿಕ್ಕಪ್ಪ ಕೂತಿದ್ದರು, ಎರಡೂ ಕೈಗಳ ನಡುವಿನಿಂದ ಹಗ್ಗ ನೀರಿಗಿಳಿದಿತ್ತು. ಚಿಕ್ಕಪ್ಪ ಮೊದಲು ದರ್ಜಿಯಾಗಿದ್ದವರು, ಈಜು ಬಾರದು, ಮೊಣಕಾಲಿನ ಮೇಲೆ ನೀರು ಬಂದರೆ ದೇವರನ್ನು ಕರೆಯುವವರು. ಆದರೂ ಇಪ್ಪತ್ತೆರಡು ವರ್ಷದಿಂದ ಹೆಂಡತಿಯ ಸೊಂಟಕ್ಕೆ ಕಟ್ಟಿದ ಹಗ್ಗದ ಈ ತುದಿಯನ್ನು ಹಿಡಿದು ಕೂರುವುದು ಅವರೇ. ಹಗ್ಗಕ್ಕೆ ಮೀಟರಿಗೊಂದು ಗಂಟು. ಗಂಟುಗಳ ಮೇಲೆ ಅವರೇ ಕೈಯಿಂದ ಕೆಂಪು ದಾರ ಸುತ್ತಿ ಹೊಲಿದಿದ್ದಾರೆ. ಎಳೆತದಲ್ಲೇ ಮಾತು: ಕೆಳಗಿನಿಂದ ಒಂದು ಎಳೆತ ಅಂದರೆ ಕ್ಷೇಮ, ಎರಡು ಅಂದರೆ ಹಗ್ಗ ಸಡಿಲಿಸು, ಮೇಲಿನಿಂದ ಮೂರು ಅಂದರೆ ಬಾ. ಅವಳು ಓಡಿ ಬಂದು ಏದುಸಿರು ಬಿಡುತ್ತ ಪಕ್ಕದಲ್ಲಿ ನಿಂತಾಗ ಹಗ್ಗ ಎಳೆತವೆನ್ನಲಾಗದ ಹಾಗೆ ಸಣ್ಣಗೆ ನಡುಗಿತು, ನೀರಿನ ಕೆಳಗೆ ಯಾರೋ ಬೆರಳಿನಿಂದ ಮೀಟಿದಂತೆ. ಚಿಕ್ಕಪ್ಪನೂ ಹಾಗೇ ಮೀಟಿದರು. ಆಮೇಲೆ ಇವಳನ್ನು ನೋಡಿ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಕಿವಿ ತುರಿಸಿಕೊಂಡರು. ಅದೇನು ಎಂದು ಕೇಳುವ ಆಸೆ ಆ ಗಾಬರಿಯಲ್ಲೂ ಅವಳಿಗೆ ಬಂತು.

"ಚಿಕ್ಕಪ್ಪಾ, ಆ ವಾಚು ನಲವತ್ತಲ್ಲ" ಅಂದಳು. ಗಾಳಿಗೆ ಮಾತು ಹಾರಿಹೋಯಿತು. ಏನಂದೆ ಅಂದರು. ಇನ್ನೊಮ್ಮೆ ಹೇಳಬೇಕಾಯಿತು, ಜೋರಾಗಿ, ಯಾರದೋ ಗಂಟಲಿನಲ್ಲಿ. "ಆ ವಾಚು ಆರೇ ಮೀಟರು. ಹೊತ್ತಿನ ಲೆಕ್ಕ ಅದಕ್ಕೆ ಬರಲ್ಲ."

ಚಿಕ್ಕಪ್ಪ ಹಗ್ಗವನ್ನು ನೋಡಿದರು. ನೀರಿನ ಮಟ್ಟದಲ್ಲಿ ಹದಿನೆಂಟನೆಯ ಗಂಟು ಅಲೆಗೆ ತೋಯ್ದು ಒಣಗಿ ತೋಯುತ್ತಿತ್ತು. ಅವರ ಮುಖ ಒಮ್ಮೆಗೇ ಬಣ್ಣಗೆಟ್ಟದ್ದು ಯಾಕೆಂದು ಅವರೇ ಬಿಟ್ಟು ಬಿಟ್ಟು ಹೇಳಿದರು. ಹಿಂದೆಲ್ಲ ಹೆಂಡತಿ ಇಳಿದ ಗಂಟೆಯನ್ನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು, ಕೋಷ್ಟಕ ನೋಡಿ, ಹೊತ್ತಾದಾಗ ಎಳೆಯುತ್ತಿದ್ದರು. ಕಂಪ್ಯೂಟರು ಬಂದ ಮೇಲೆ ಅದೆಲ್ಲ ಬಿಟ್ಟುಹೋಯಿತು. ಇವತ್ತೂ ಬರೆದಿಲ್ಲ. ಕೈಗೆ ವಾಚು ಕಟ್ಟಿದರೆ ಅವರಿಗೆ ನವೆ, ಫೋನು ಡಬ್ಬಿಯಲ್ಲಿ, ಹೊತ್ತು ನೋಡುವ ಅಗತ್ಯವಾದರೂ ಏನಿತ್ತು, ಹುಡುಗಿ ಕೊಟ್ಟ ವಾಚು ಕೆಳಗೆ ನೋಡಿಕೊಳ್ಳುತ್ತದಲ್ಲ. ಅವರು ಕೋಷ್ಟಕದ ಹಾಳೆಯನ್ನು ಚೀಲದ ತಳದಿಂದ ತೆಗೆದರು. ಹದಿನೆಂಟು ಮೀಟರಿಗೆ ಹೆಚ್ಚೆಂದರೆ ಐವತ್ತೈದು ನಿಮಿಷ. "ಆದ್ರೆ ಎಷ್ಟು ಹೊತ್ತಿಗೆ ಇಳಿದಳು? ಅರ್ಧ ಗಂಟೆ ಆಗಿರಬಹುದು. ಒಂದು ಗಂಟೆನೂ ಆಗಿರಬಹುದು, ಇಲ್ಲಿ ಕೂತ್ರೆ ಗೊತ್ತಾಗಲ್ಲ ಕಣಮ್ಮ." ಅವಳು ನೀರನ್ನು ನೋಡಿದಳು. ಗುಳ್ಳೆಗಳು ಗುಂಪುಗುಂಪಾಗಿ ಎದ್ದು ಒಡೆಯುತ್ತಿದ್ದವು. ಇಡೀ ದಿನ ಒಂದು ಗುಳ್ಳೆ ಕಂಡರೆ ತಪ್ಪು ಎಂದು ಬರೆಯುವವಳು ಈಗ ಒಂದು ಗುಂಪು ಒಡೆದು ಇನ್ನೊಂದು ಬರುವವರೆಗೂ ಉಸಿರು ಹಿಡಿಯುತ್ತಿದ್ದಳು.

ಇಳಿಯುವಾಗ ಏನಾಗುತ್ತಿತ್ತು, ಏನಾದರೂ ನೆನಪಿದೆಯೇ ಎಂದು ಕೇಳಿದಳು. ಚಿಕ್ಕಪ್ಪ ಕಣ್ಣು ಮುಚ್ಚಿದರು. ಚಿಕ್ಕಮ್ಮ ಏಣಿಯ ಕೊನೆಯ ಮೆಟ್ಟಿಲಲ್ಲಿದ್ದಳು, ಹಿಂದಕ್ಕೆ ತಿರುಗಿ ಏನೋ ಅಂದಳು, ಕೇಳಿಸಲಿಲ್ಲ. ದಾಟಿಸುವ ದೋಣಿ ಕೂಗುತ್ತಿತ್ತು.

"ಹತ್ತು ಮೂವತ್ತೇಳು" ಅಂದಳು ಅವಳು. ಗಂಟಲು ಕಟ್ಟಲಿಲ್ಲ. ಅಂಚೆ ಕಚೇರಿ, ಕೆಂಪು ದೀಪ, ಭುಜಕ್ಕೆ ಒರಗಿದ ಹೆಂಗಸು, ಗಡಿಯಾರದ ಮುಳ್ಳು, ಎಲ್ಲವೂ ಬರೆದಿಟ್ಟ ಪುಟದಂತೆ ಕಣ್ಣೆದುರಿಗಿತ್ತು. ಆ ಮೇಲೆ ಬೇರೆ ಸೀಟಿ ಆಗಿಲ್ಲವಲ್ಲ ಎಂದು ವಿಚಾರಿಸಿದಳು. ಇಲ್ಲ, ಇದೊಂದೇ. ತನ್ನ ಫೋನು ತೆಗೆದು ನೋಡಿದರೆ ಹನ್ನೊಂದು ಇಪ್ಪತ್ತು. ನಲವತ್ಮೂರು ನಿಮಿಷ. ಚಿಕ್ಕಪ್ಪ ಹಗ್ಗವನ್ನು ಮೂರು ಸಲ ಎಳೆದರು. ಸ್ವಲ್ಪ ತಡೆದು ಕೆಳಗಿನಿಂದ ಒಂದೇ ಎಳೆತ ಬಂತು, ಕ್ಷೇಮ. ಮತ್ತೆ ಮೂರು. ಮತ್ತೆ ಒಂದು, ಈ ಸಲ ಸ್ವಲ್ಪ ಸಿಡುಕಿನಿಂದ. ಏನೋ ಕಂಡಿರಬೇಕು, ಅದನ್ನು ಬಿಟ್ಟು ಬರುವವಳಲ್ಲ, ಮನೆಯಲ್ಲೂ ಹೀಗೇ, ಊಟಕ್ಕೆ ಕರೆದರೆ ಬಂದೆ ಅನ್ನುತ್ತಾಳೆ ಎಂದು ಚಿಕ್ಕಪ್ಪ ಗೊಣಗಿದರು. ಮೂರನೆಯ ಸಲ ಎದ್ದು ನಿಂತು, ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎಳೆದರು. ಉತ್ತರವಿಲ್ಲ. ಅವಳು ಫೋನಿನಲ್ಲಿ ನಿಮಿಷ ಬದಲಾಗುವುದನ್ನು ನೋಡಿದಳು. ಇಪ್ಪತ್ತೆರಡು. ಇಪ್ಪತ್ಮೂರು. ಆ ಮೇಲೆ ಹಗ್ಗ ಮೆತ್ತಗಾಯಿತು, ಚಿಕ್ಕಪ್ಪನ ಬೆರಳುಗಳ ನಡುವೆ ಹದಿನೆಂಟನೆಯ ಗಂಟು ಮೇಲೆ ಬಂತು. ಹದಿನೇಳು. ಹದಿನಾರು. ಒದ್ದೆ ಕೆಂಪು ದಾರದ ಗಂಟುಗಳು ಒಂದೊಂದಾಗಿ ಕಟ್ಟೆಯ ಮೇಲೆ ಸುರುಳಿ ಸುತ್ತಿಕೊಂಡವು. ಆರನೆಯ ಗಂಟನ್ನು ಅವಳು ಮುಟ್ಟಿ ನೋಡಿದಳು. ಬೇರೆ ಗಂಟುಗಳ ಹಾಗೇ ಇತ್ತು. ಈ ಗಂಟಿನಿಂದ ಕೆಳಗಿನದೆಲ್ಲ ಆ ವಾಚಿಗೆ ಮೂರು ಗೀಟು, ಆದರೆ ಅದೆಲ್ಲ ಅಲ್ಲಿ ಇದ್ದೇ ಇತ್ತಲ್ಲ, ಕತ್ತಲೆ, ಸರಪಳಿ, ಚಿಕ್ಕಮ್ಮ. ಐದರಲ್ಲಿ ಹಗ್ಗ ನಿಂತಿತು. ಅಲ್ಲಿ ಮೂರು ನಿಮಿಷ ನಿಂತು ಬರುವುದು ರೂಢಿ. ಆ ಮೂರು ನಿಮಿಷದಲ್ಲಿ ಚಿಕ್ಕಪ್ಪ ಅವಳ ಕಡೆ ನೋಡದೆ, ಇದನ್ನ ಅವಳಿಗೆ ನಾನು ಹೇಳಲ್ಲ, ನೀನೇ ಹೇಳು ಅಂದರು.

ಚಿಕ್ಕಮ್ಮ ಏಣಿ ಹತ್ತಿ ಬಂದು ಕಟ್ಟೆಯ ಮೇಲೆ ಕೂತು ಮುಖವಾಡವನ್ನು ಹಣೆಗೇರಿಸಿದಳು. ಕೆನ್ನೆಯ ಮೇಲೆ ರಬ್ಬರಿನ ಕೆಂಪು ಬರೆ. ಒಂದು ಕೊಂಡಿ ಮುಕ್ಕಾಲು ಸವೆದಿತ್ತು, ಅಳೆಯುತ್ತಿದ್ದೆ, ಯಾರು ಸತ್ತರು ಅಂತ ಹಾಗೆ ಎಳೆದದ್ದು ಎಂದು ಗಂಡನಿಗೆ ಗದರಿದವಳು, ಹಿಂದೆ ನಿಂತ ಇವಳನ್ನು ಕಂಡು ಮುಖ ಅರಳಿಸಿದಳು. "ಏನೇ, ನೀನು ಬಂದಿದ್ದು ಒಳ್ಳೇದಾಯ್ತು. ಆರರ ಹತ್ತಿರ ಇದ್ರಲ್ಲಿ ಬರೀ ಗೀಟು ಬಂತು ಕಣೆ. ವಾಪಸ್ ಬರೋಣ ಅಂದ್ಕೊಂಡೆ. ಆಮೇಲೆ, ಹುಡುಗಿ ನಲವತ್ತು ಅಂದಿದಾಳಲ್ಲ, ನಾನೇ ಒತ್ತಬಾರದ್ದು ಏನೋ ಒತ್ತಿರಬೇಕು ಅಂತ ಇಳಿದೆ." ಒದ್ದೆ ಕೈಯನ್ನು ಮುಂದೆ ಚಾಚಿದಳು, ನೋಡು ಎಂದು.

ವಾಚಿನ ಗಾಜಿನ ಮೇಲೆ ಒಂದು ಹನಿ ಕೂತಿತ್ತು. ಒಳಗೆ ನೀರು ಹೋಗಿರಲಿಲ್ಲ. ತನ್ನ ಕೈಯಾರೆ ಪರೀಕ್ಷಿಸಿದ್ದು, ಅದರ ಬಿಗಿ ಸರಿಯಾಗಿಯೇ ಇತ್ತು. ಎದುರಿಗೆ ಒಂದು ಬಾಗಿಲು ತೆರೆದುಕೊಂಡದ್ದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಹೌದು, ಒತ್ತಬಾರದ್ದು ಒತ್ತಿದ್ದೀಯ, ಕೊಡು, ಸರಿಮಾಡಿ ತರುತ್ತೇನೆ. ಇಷ್ಟೇ. ವಾಚನ್ನು ತೆಗೆದುಕೊಂಡು ಹೋಗಿ ಮತ್ತೆ ತಾರದಿದ್ದರಾಯಿತು. ಚಿಕ್ಕಪ್ಪ ಹಗ್ಗ ಸುತ್ತುತ್ತ ಬೆನ್ನು ತಿರುಗಿಸಿದ್ದರು, ಅವರು ಬಾಯಿ ಬಿಡುವುದಿಲ್ಲ. ಆ ಬಾಗಿಲಿನಾಚೆ ಯಾವ ಯಾವ ಕೋಣೆಗಳಿವೆ ಎಂದು ಕೂಡ ಒಂದು ಕ್ಷಣ ಇಣುಕಿ ನೋಡಿದಳು. ಮೈಕ್ರಾನ್‌ನ ಮೇಜು, ಭಾನುವಾರದ ಪುಟ, ಭಾನುವಾರದ ಹಾಗಿನ ಇನ್ನೂ ಎಷ್ಟೋ ಪುಟ. ಎಲ್ಲೂ ಗಂಟಲು ಕಟ್ಟುವ ಪ್ರಸಂಗವೇ ಇಲ್ಲ.

"ನೀನೇನೂ ಒತ್ತಿಲ್ಲ" ಅಂದಳು. "ಅದು ಆರೇ."

"ಮತ್ತೆ ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

ಚಿಕ್ಕಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಒಂದು ಕೈಗವಸನ್ನು ಬೆರಳು ಬೆರಳಾಗಿ ಬಿಡಿಸಿದಳು, ಅದರೊಳಗಿನ ನೀರನ್ನು ಕಟ್ಟೆಯ ಮೇಲೆ ಸುರಿದಳು. ಆಮೇಲೆ ಯಾಕೆ ಎಂದು ಕೇಳಿದಳು. ಎಲ್ಲರೂ ನಗುತ್ತಿದ್ದರು, ಆರು ಅನ್ನುವುದು ತೀರ ಚಿಕ್ಕದು ಅನ್ನಿಸಿತು ಎಂದು ಅವಳು ಹೇಳಿದಳು. ಹೇಳಿದ ಮೇಲೆ ಆ ಕಾರಣವೂ ಎಷ್ಟು ಚಿಕ್ಕದಾಗಿತ್ತೆಂದು ಕಂಡು ಕಾಲಬೆರಳುಗಳನ್ನು ಚಪ್ಪಲಿಯೊಳಗೆ ಮಡಚಿಕೊಂಡಳು. ಚಿಕ್ಕಮ್ಮ ಬೈಯಲಿಲ್ಲ; ಬೈದಿದ್ದರೆ ಅಳಬಹುದಿತ್ತು. ಗಂಡನ ಬೆನ್ನಿನ ಕಡೆ ಗದ್ದ ತೋರಿಸಿ ಅಂದಳು, "ಈ ಮಹಾಶಯ ಇಪ್ಪತ್ತೆರಡು ವರ್ಷದಿಂದ ನನ್ನ ಹತ್ರ ಸುಳ್ಳು ಹೇಳ್ತಾನೇ ಬಂದಿದಾರೆ. ಸಿಗರೇಟು ಬಿಟ್ಟೆ ಅಂತ, ಊಟ ಆಯ್ತು ಅಂತ, ನಿನ್ನ ತಂಗಿಗೆ ಫೋನ್ ಮಾಡಿದೆ ಅಂತ. ಒಂದು ದಿನ ಹಗ್ಗದಲ್ಲಿ ಸುಳ್ಳು ಹೇಳಿಲ್ಲ." ಚಿಕ್ಕಪ್ಪನ ಬೆನ್ನು ಅಲ್ಲಾಡಲಿಲ್ಲ, ಕಿವಿ ಮಾತ್ರ ಕೆಂಪಾಯಿತು. ಹೊತ್ತನ್ನು ಹೇಳಿದ್ದು ಇವಳೇ, ದೋಣಿ ಕೂಗಿದ ಗಂಟೆ ಇವಳಿಗೆ ನೆನಪಿತ್ತು ಎಂದು ಅವರು ಸಮುದ್ರಕ್ಕೆ ಹೇಳುವವರ ಹಾಗೆ ಹೇಳಿದರು. ಚಿಕ್ಕಮ್ಮ ಇನ್ನೊಂದು ಕೈಗವಸನ್ನು ಬಿಡಿಸತೊಡಗಿದಳು.

ಮಧ್ಯಾಹ್ನದ ಊಟವನ್ನು ಮೂವರೂ ಕಟ್ಟೆಯ ನೆರಳಿನಲ್ಲಿ ಮಾಡಿದರು. ಇವಳ ಡಬ್ಬಿಯಿಂದ ಚಿಕ್ಕಪ್ಪ ಒಂದು ತುತ್ತು ತೆಗೆದುಕೊಂಡರು, ಚಿಕ್ಕಮ್ಮ ತೆಗೆದುಕೊಳ್ಳಲಿಲ್ಲ. ಎದ್ದು ಹೋಗಬೇಕೋ ಇರಬೇಕೋ ಅವಳಿಗೆ ತಿಳಿಯಲಿಲ್ಲ. ಹೋಗಲು ಯಾರೂ ಹೇಳಿರಲಿಲ್ಲ, ಇರಲೂ ಹೇಳಿರಲಿಲ್ಲ. ಚಿಕ್ಕಮ್ಮ ಟೋಪಿಯನ್ನು ಮುಖಕ್ಕೆ ಮುಚ್ಚಿಕೊಂಡು ಮಲಗಿದ್ದಳು. ಆ ಟೋಪಿಯ ಕೆಳಗೆ ಕಣ್ಣು ಮುಚ್ಚಿವೆಯೋ ತೆರೆದಿವೆಯೋ? ಅವಳ ತೋಳಿನ ನರಗಳನ್ನು ಇವಳು ಕದ್ದು ನೋಡಿದಳು, ಎಂಟು ವರ್ಷದ ಕಣ್ಣುಗಳಿಂದ. ಅಲ್ಲಿ ಎಷ್ಟು ಗಾಳಿ ಕರಗಿ ಕೂತಿದೆಯೋ, ಈಗ ನಿಧಾನವಾಗಿ, ಯಾರಿಗೂ ಕಾಣದ ಹಾಗೆ, ಉಸಿರುಸಿರಿಗೂ ಹೊರಗೆ ಹೋಗುತ್ತಿದೆಯೋ. ಅದಕ್ಕೆ ಹೊತ್ತು ಬೇಕು, ಅವಸರ ಮಾಡುವಂತಿಲ್ಲ. ಸಿಟ್ಟೂ ಹೀಗೇ ಇಳಿಯುವುದೋ ಎಂದು ಕೇಳಿಕೊಂಡಳು. ಗೊತ್ತಾಗಲಿಲ್ಲ.

ಒಂದು ಇಪ್ಪತ್ತೈದಕ್ಕೆ ಚಿಕ್ಕಮ್ಮ ಎದ್ದು ವಾಚನ್ನು ಬಿಚ್ಚಿದಳು. ಇವಳ ಮಡಿಲಿಗೆ ಹಾಕಿದಳು. "ಈಗ ಕಟ್ಟೆಯ ಕಂಬಕ್ಕೆ ಇಳೀತೀನಿ, ಒಂಬತ್ತು ಮೀಟರು. ಇದನ್ನ ನೀನು ಕಟ್ಕೋ. ಹೊತ್ತು ನೀನು ನೋಡು." ಕೆಳಗಿನಿಂದ ಉದ್ದಕ್ಕೆ ಎರಡು ಎಳೆದರೆ ಎಷ್ಟು ಹೊತ್ತಾಯಿತು ಎಂದು ಕೇಳಿದ ಹಾಗೆ, ಹತ್ತು ನಿಮಿಷಕ್ಕೊಂದರಂತೆ ಎಳೆದು ಹೇಳಬೇಕು, ಹಿಂದೆಲ್ಲ ಹಾಗೇ ಮಾಡುತ್ತಿದ್ದೆವು ಎಂದು ಚಿಕ್ಕಪ್ಪ ವಿವರಿಸಿದರು. ಆ ಸಣ್ಣ ನಡುಕ, ಬೆರಳಲ್ಲಿ ಮೀಟಿದ್ದು, ಅದಕ್ಕೇನರ್ಥ ಎಂದು ಕೊನೆಗೂ ಅವಳು ಕೇಳಿದಳು. ಅದು ಬೇರೆ ಎಂದು ಹೇಳಿ ಅವರು ಹಲಗೆಯ ಮೇಲಿನ ಹಳೆಯ ಸೀಮೆಸುಣ್ಣವನ್ನು ಅಂಗಿಯ ತೋಳಿನಿಂದ ಒರೆಸತೊಡಗಿದರು.

ಒಂದು ಮೂವತ್ತೆರಡು ಎಂದು ಹಲಗೆಯ ಮೇಲೆ ಬರೆದಳು. ಚಿಕ್ಕಮ್ಮನ ತಲೆ ನೀರಿನೊಳಗೆ ಹೋಯಿತು, ಅವಳು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಚಿಕ್ಕಪ್ಪ ಕೈಗೆ ಕೊಟ್ಟ ಒದ್ದೆ ಹಗ್ಗ ಇವಳ ಅಂಗೈಯೊಳಗಿನಿಂದ ಜಾರುತ್ತ ಹೋಯಿತು. ಒಂದು, ಎರಡು, ಮೂರು; ಗಂಟುಗಳು ಅಂಗೈಯನ್ನು ತರಚುತ್ತಿದ್ದವು. ಐದು. ಆರು. ಮಣಿಕಟ್ಟಿನ ಮೇಲೆ ವಾಚು ಒಣ ಗಾಳಿಯಲ್ಲಿ ಗಂಟೆಯ ಕೆಳಗೆ ಆಳ ಸೊನ್ನೆ ಎಂದು ತೋರಿಸುತ್ತಿತ್ತು. ಏಳನೆಯ ಗಂಟು ಬೆರಳಿನ ಸಂದಿಯಿಂದ ಹೊರಟಾಗ, ಅದರ ಹಿಂದೆಯೇ ತಾನೂ ಇಳಿದು ಹೋಗಿ ಆ ಕಂಬ ಹೇಗಿದೆ, ಅಲ್ಲಿ ಬೆಳಕು ಯಾವ ಬಣ್ಣಕ್ಕಿದೆ ಎಂದು ನೋಡಬೇಕೆನ್ನಿಸಿತು, ಸಮುದ್ರದಲ್ಲಿ ಮೊಣಕಾಲಿಗಿಂತ ಆಳಕ್ಕೆ ಎಂದೂ ಇಳಿಯದವಳಿಗೆ. ಒಂಬತ್ತರಲ್ಲಿ ಹಗ್ಗ ನಿಂತಿತು. ಗುಳ್ಳೆಗಳು ಬರುತ್ತಿದ್ದವು. ಬಹಳ ಹೊತ್ತಾಯಿತು ಅನ್ನಿಸಿ ನೋಡಿದರೆ ನಾಲ್ಕು ನಿಮಿಷ. ಮತ್ತೆ ಬಹಳ ಹೊತ್ತಾಯಿತು, ಮತ್ತೆ ನೋಡಿದಳು. ಆಗ ಹಗ್ಗ ಬಂತು, ಉದ್ದಕ್ಕೆ ಎರಡು ಸಲ. ಬೆನ್ನೆಲುಬಿನವರೆಗೆ ಮುಟ್ಟಿತು. ಚಿಕ್ಕಪ್ಪ ಹಗ್ಗಕ್ಕೆ ಕೈ ಚಾಚಲಿಲ್ಲ. ಹಲಗೆ ನೋಡಿದಳು, ವಾಚು ನೋಡಿದಳು. ಒಂದು ನಲವತ್ತೆರಡು, ಹತ್ತೇ ನಿಮಿಷ. ಅಷ್ಟು ಹೊತ್ತು ಕಾದ ಮೇಲೆ ಕೆಳಗಿನವಳಿಗೆ ಇಷ್ಟನ್ನೇ ಕೊಡುವುದು ಎಂದು ಕೈ ಅರೆಕ್ಷಣ ಅನುಮಾನಿಸಿತು. ಅದನ್ನೂ ಅವಳು ನೋಡಿದಳು. ಆ ಮೇಲೆ ಹಗ್ಗವನ್ನು ಬಿಗಿಯಾಗಿ ಹಿಡಿದು ಒಂದು ಸಲ ಎಳೆದಳು, ಒಂದೇ, ಮತ್ತು ಕಾದಳು. ಅಲೆಯೊಂದು ಕಂಬಕ್ಕೆ ಬಡಿದು ಹಿಂದೆ ಹೋಯಿತು. ಒಂಬತ್ತು ಮೀಟರು ಕೆಳಗಿನಿಂದ ಒಂದು ಎಳೆತ ಬಂತು.